ಬಳಪ ಉಜ್ಜಿದ ಗೋಡೆ

ನಮ್ಮೂರ ಶಾಲೆಯ ಪಕ್ಕದ ಗೋಡೆಯಲ್ಲಿ ಒಂದು ಹಳ್ಳವಿದೆ. ಒಂದನೇ ತರಗತಿಯ ಮಕ್ಕಳ ಕೈಗೆ ಸರಿಯಾಗಿ ನಿಲುಕುವ ಎತ್ತರದಲ್ಲಿ ನಾಲ್ಕೈದು ಇಟ್ಟಿಗೆಗಳು ತೆಪ್ಪದ ಹೊಟ್ಟೆಯ ಹಾಗೆ ಒಳಕ್ಕೆ ಸವೆದಿವೆ. ಬಳಪಕ್ಕೆ ಮೊನೆ ಮಾಡಿಕೊಳ್ಳಲು ತಲೆಮಾರುಗಳಿಂದ ಮಕ್ಕಳು ಉಜ್ಜಿದ ಜಾಗ ಅದು. ಅಪ್ಪ ಉಜ್ಜಿದ್ದರು, ನಾನೂ ಉಜ್ಜಿದ್ದೇನೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಯ ಇತಿಹಾಸ ಬರೆದುಕೊಡಬೇಕೆಂದು ನನ್ನನ್ನು ಹಿಡಿದಾಗ ಮೊದಲು ನೆನಪಾದದ್ದು ಆ ಹಳ್ಳವೇ.

ಅವರಿಗೆ ಹಳ್ಳ ಬೇಕಿರಲಿಲ್ಲ, ಇಸವಿ ಬೇಕಿತ್ತು. ಶತಮಾನೋತ್ಸವ ಮಾಡಬೇಕಲ್ಲ! ಬಾಗಿಲ ಮೇಲಿನ ಕಲ್ಲಿನಲ್ಲಿ ಇಸವಿಯನ್ನು ಕೆತ್ತಿದ್ದರಂತೆ. ವರ್ಷವರ್ಷವೂ ಬಳಿದ ಸುಣ್ಣ ಅಂಕಿಗಳನ್ನು ನುಂಗಿ, ‘ಮೈಸೂರು ಜಿಲ್ಲೆ’ ಎಂಬೆರಡು ಪದಗಳನ್ನಷ್ಟೇ ಉಳಿಸಿದೆ. ನಮ್ಮೂರು ಈಗ ಸೇರಿರುವ ಮಂಡ್ಯ ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಅಂದರೆ ಶಾಲೆ ಜಿಲ್ಲೆಗಿಂತ ಹಿರಿಯದು. ಅಲ್ಲಿಂದಾಚೆಗೆ ಊರ ಹಿರಿಯರೇ ಗತಿ. ನಮ್ಮ ಕಡೆ ಯಾವುದೇ ಹಳೆಯ ಕಟ್ಟಡವಿರಲಿ, ಒಂದೋ ಅದನ್ನು ನಾಲ್ವಡಿಯವರು ಕಟ್ಟಿಸಿರುತ್ತಾರೆ, ಇಲ್ಲವೇ ವಿಶ್ವೇಶ್ವರಯ್ಯನವರು ಕಟ್ಟಿಸಿರುತ್ತಾರೆ; ಮೂರನೆಯವರಿಗೆ ಪ್ರವೇಶವಿಲ್ಲ. ಅಲ್ಲವೆನ್ನುವ ಧೈರ್ಯ ನನಗೂ ಇಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ದಾರಿ ಮಾಡಿದ ಕಾಯಿದೆ ಸಂಸ್ಥಾನದಲ್ಲಿ ಬಂದದ್ದು 1913ರಲ್ಲಿ.

ಕೊನೆಗೆ ಕಟ್ಟಡವನ್ನೇ ವಿಚಾರಿಸಿಕೊಂಡೆ. ಹೆಂಚು ಮಂಗಳೂರಿನದು. ಬಾಸೆಲ್ ಮಿಷನ್‌ನವರು 1865ರಲ್ಲಿ ಅಲ್ಲಿ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಘಟ್ಟ ಹತ್ತಿ ಎಲ್ಲೆಲ್ಲಿಗೋ ಹೋಯಿತು. ಒಳಮೈಯಲ್ಲಿ ಕಾರ್ಖಾನೆಯ ಹೆಸರು ಇಂಗ್ಲಿಷಿನಲ್ಲಿ ಉಬ್ಬಿರುತ್ತದೆ. ಮಗ್ಗಿ ಒಪ್ಪಿಸುವಾಗ ನಡುವೆ ಮರೆತು ಸೂರು ನೋಡುತ್ತ ನಿಲ್ಲುತ್ತಿದ್ದ ನಾನು ಇಂಗ್ಲಿಷ್ ಅಕ್ಷರಗಳನ್ನು ಕಲಿತದ್ದು ಬಹುಮಟ್ಟಿಗೆ ಹದಿಮೂರರ ಮಗ್ಗಿಯ ಕೃಪೆಯಿಂದ.

ಗೋಡೆಯಲ್ಲಿ ಸಿಮೆಂಟಿನ ಸುಳಿವಿಲ್ಲ. ತೆಳ್ಳನೆಯ ಇಟ್ಟಿಗೆ, ನಡುವೆ ಸುಣ್ಣದ ಗಾರೆ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿದರೆ ಸುರ್ಕಿ. ಅದು ತೇವದಲ್ಲೂ ಗಟ್ಟಿಯಾಗುತ್ತದೆ. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದೂ ಸುರ್ಕಿ ಗಾರೆಯೇ. ಕಾವೇರಿಯನ್ನು ತಡೆದು ನಿಲ್ಲಿಸಿದ ಆ ಇಟ್ಟಿಗೆ ಪುಡಿಯನ್ನು ನಾವು ಬಳಪದಿಂದ ಉದುರಿಸಿ, ಕೈಯನ್ನು ಬಿಳಿ ಅಂಗಿಗೆ ಒರೆಸಿಕೊಂಡು, ಮನೆಗೆ ಹೋಗಿ ಬೈಸಿಕೊಳ್ಳುತ್ತಿದ್ದೆವು.

ಈಚೆಗೆ ರಿಪೇರಿಗೆ ಬಂದವರು ಮುಂದಿನ ಗೋಡೆಗೆ ಸಿಮೆಂಟ್ ಮೆತ್ತಿ, ಅದರ ಮೇಲೆ ರೈಲಿನ ಚಿತ್ರ ಬರೆಸಿದರು. ಮಕ್ಕಳಿಗೆ ಬಲು ಖುಷಿ. ಗೋಡೆಗೆ ಮಾತ್ರ ಉಸಿರು ಕಟ್ಟಿತು. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಹಾಗೆ ಸುಲಭವಾಗಿ ಬಿಡುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎಂಜಿನ್ನಿನ ಚರ್ಮ ಸುಲಿಯಿತು, ಮೂರನೆಯ ಬೋಗಿಯ ಕಿಟಕಿಯಿಂದ ಹಳೆಯ ಇಟ್ಟಿಗೆಯೊಂದು ಪ್ರಯಾಣಿಕನ ಹಾಗೆ ಇಣುಕಿತು. ಪಕ್ಕದ ಗೋಡೆಯವರೆಗೆ ದುಡ್ಡು ಸಾಲಲಿಲ್ಲವಂತೆ. ಹಾಗಾಗಿ ಹಳ್ಳ ಉಳಿದುಕೊಂಡಿದೆ. ಈಗಿನ ಮಕ್ಕಳ ಕೈಯಲ್ಲಿ ಪೆನ್ಸಿಲ್, ಅದಕ್ಕೊಂದು ಮೆಂಡರ್. ಹಳ್ಳ ಇನ್ನು ಆಳವಾಗುವ ಹಾಗಿಲ್ಲ.

ಇಸವಿಯ ಜಾಗವನ್ನು ಖಾಲಿ ಬಿಟ್ಟು ಇತಿಹಾಸ ಬರೆದುಕೊಟ್ಟೆ. ಸಂಭಾವನೆಯೆಂದು, ಮೂರನೆಯ ಬೋಗಿಯಿಂದ ಕೆಳಗೆ ಬಿದ್ದಿದ್ದ ಆ ಇಟ್ಟಿಗೆಯನ್ನು ಮೇಷ್ಟರನ್ನು ಕೇಳಿ ಮೈಸೂರಿನ ಮನೆಗೆ ತಂದೆ. ಅಮ್ಮ ಅದನ್ನು ತಿರುಗಿಸಿ, ಉಗುರಿನಿಂದ ಕೆರೆದು ನೋಡಿದಳು. ಗೌರಿ ಹಬ್ಬಕ್ಕೆ ನಾಲ್ಕೇ ದಿನವಿತ್ತು, ಹಿತ್ತಾಳೆಯ ದೀಪಗಳು ಕಪ್ಪಿಟ್ಟಿದ್ದವು.

“ಅಮ್ಮಾ, ಅದಕ್ಕೆ ನೂರು ವರ್ಷವಾಗಿರಬಹುದು” ಎಂದೆ.

“ಹಾಗಾದರೆ ಪುಡಿ ನುಣ್ಣಗೆ ಬರುತ್ತದೆ” ಎಂದು ಹುಣಸೆಹಣ್ಣು ನೆನೆಹಾಕಲು ಎದ್ದಳು.

ಅರ್ಧ ಒಡೆದುಕೊಟ್ಟೆ. ಉಳಿದರ್ಧ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕುಳಿತಿದೆ, ದೀಪಾವಳಿಯವರೆಗೆ.