ಜನರೇಟರ್ ಉಂಡೋ?

ಕಳೆದ ವರ್ಷ ಆಟಿ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಮೂರು ದಿನ ಕರೆಂಟಿರಲಿಲ್ಲ. ಬದಿಯಡ್ಕ, ಪೆರ್ಲ ಕಡೆಯ ಗುಡ್ಡದ ಮನೆಯವರಿಗೆ ಇದರಲ್ಲಿ ಹೊಸತೇನಿಲ್ಲ. ಲೈನ್ ಬರುವುದೇ ರಬ್ಬರ್ ತೋಟದ ನಡುವೆ, ಅಡಿಕೆ ಮರಗಳ ತಲೆ ಸವರಿಕೊಂಡು. ಗಾಳಿಗೆ ಒಂದು ಸೋಗೆ ಬಿದ್ದರೆ ಸಾಕು. ಮೊದಲ ದಿನ ಇನ್ವರ್ಟರ್ ನಮ್ಮ ಮರ್ಯಾದೆ ಉಳಿಸಿತು. ಎರಡನೇ ದಿನ ಬೆಳಿಗ್ಗೆ ಕುಂಯ್ ಎಂದು ಮಲಗಿತು. ಮೂರನೇ ದಿನ ನಳ್ಳಿ ತಿರುಗಿಸಿದರೆ ಬರೀ ಗಾಳಿ. ಅಮ್ಮ ಹಗ್ಗ ಹಿಡಿದು ಬಾವಿಕಟ್ಟೆಗೆ ಹೋದರು. ಅಲ್ಲಿ ರಾಟೆಯೇ ಇಲ್ಲ. ಅದನ್ನು ಗುಜರಿಯವನಿಗೆ ಕೊಟ್ಟವನು ನಾನೇ.

"ಅಜ್ಜನ ಕಾಲದಲ್ಲಿ ಸುರಂಗದ ನೀರು ಕರೆಂಟ್ ಕೇಳ್ತಿರಲಿಲ್ಲ" ಎಂದರು ಅಮ್ಮ. ಕಾಸರಗೋಡಿನವರಿಗೆ ಸುರಂಗ ಅಂದರೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದುಕೊಂಡು ಹೋಗುವುದು, ನೀರಿನ ಒಸರು ಸಿಕ್ಕಿದರೆ ಅದು ತನ್ನಷ್ಟಕ್ಕೆ ಹರಿದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ. ಪಂಪಿಲ್ಲ, ಬಿಲ್ಲಿಲ್ಲ. ನಮ್ಮ ಸುರಂಗ ಈಗಲೂ ಹನಿಯುತ್ತಿದೆ. ಆದರೆ ಮನೆಯನ್ನು ನಾನು ಅದಕ್ಕಿಂತ ಎತ್ತರದಲ್ಲಿ ಕಟ್ಟಿಸಿದ್ದೇನೆ. ವಿದ್ಯೆ ಇದ್ದವರು ಮಾಡುವ ಕೆಲಸ.

ಆ ಸಂಜೆ ರೈನ್‌ಕೋಟ್ ಹಾಕಿದ ಲೈನ್‌ಮ್ಯಾನ್ ಗೇಟಿನ ಹೊರಗೆ ನಿಂತು ಕೂಗಿ ಕೇಳಿದ: "ಜನರೇಟರ್ ಉಂಡೋ?" ಮಲಯಾಳದಲ್ಲಿ, ಇದೆಯಾ ಎಂದು. ನಾನು ನಾಚಿಕೆಯಲ್ಲೇ "ಇಲ್ಲ" ಎಂದೆ. ಅವನ ಮುಖದಲ್ಲಿ ಏನೋ ಸಮಾಧಾನ ಕಂಡಿತು. ನನಗೆ ಅದು ಮರುಕದ ಹಾಗೆ ಕಂಡಿತು ಅನ್ನಿ. ಇಷ್ಟು ದೊಡ್ಡ ಮನೆ, ಒಂದು ಜನರೇಟರಿಗೆ ಗತಿಯಿಲ್ಲ ಎಂದು ಅವನು ಅಂದುಕೊಂಡಿರಬೇಕು. ಜನರೇಟರ್ ತೆಗೆದುಕೊಳ್ಳುವ ತೀರ್ಮಾನ ಅಲ್ಲೇ ಆಯಿತು.

ಅಂಗಡಿಗೆ ಹೋಗುವ ಮೊದಲು ಏನೇನು ಓಡಬೇಕು ಎಂದು ಪಟ್ಟಿ ಮಾಡಬೇಕಂತೆ. ಮನೆಯವರನ್ನೆಲ್ಲ ಕೂರಿಸಿ ಬರೆದೆ. ಅಮ್ಮನಿಗೆ ಪಂಪು. ಹೆಂಡತಿಗೆ ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮೆಷಿನ್, ಮತ್ತೆ ಗ್ಯಾಸ್ ಮುಗಿದಿದ್ದರೆ ಇಂಡಕ್ಷನ್ ಒಲೆ. ಮಗನಿಗೆ ವೈಫೈ. ವೈಫೈಗೆ ಬೇಕಾದದ್ದು ಹತ್ತಿಪ್ಪತ್ತು ವ್ಯಾಟ್, ಆದರೆ ಅದಕ್ಕಾಗಿ ಅವನು ಹಾಕಿದ ಗಲಾಟೆ ಎರಡು ಸಾವಿರ ವ್ಯಾಟಿನದು. ನನಗೆ ಏನೂ ಬೇಡ ಎಂದು ಹೇಳಿ, ಪಟ್ಟಿಯ ಕೊನೆಗೆ ಗೀಸರ್ ಮತ್ತು ಇಸ್ತ್ರಿಪೆಟ್ಟಿಗೆ ಸೇರಿಸಿದೆ. ಕೂಡಿಸಿದರೆ ಸುಮಾರು 8,000 ವ್ಯಾಟ್. ಮದುವೆ ಮನೆಗೆ ತರುವಂಥ ಜನರೇಟರೇ ಬೇಕು.

ಆಮೇಲೆ ಪಟ್ಟಿಯಿಂದ ಹೊಡೆದುಹಾಕುವ ಕೆಲಸ. ಮೂರು ದಿನ ಇಸ್ತ್ರಿ ಇಲ್ಲದಿದ್ದರೆ ಯಾರಿಗೇನು? ಮಳೆಗಾಲದಲ್ಲಿ ಇಲ್ಲಿ ಇಸ್ತ್ರಿ ಮಾಡುವಷ್ಟು ಒಣಗಿದ ಬಟ್ಟೆಯೇ ಇರುವುದಿಲ್ಲ. ಬಿಸಿನೀರಿಗೆ ಬಚ್ಚಲ ಹಂಡೆ ಉಂಟು, ಅಡಿಕೆ ಸಿಪ್ಪೆ ಬೇಕಾದಷ್ಟು ಉಂಟು. ಕೊನೆಗೆ ಉಳಿದದ್ದು ಪಂಪು, ಫ್ರಿಜ್ಜು, ನಾಲ್ಕು ಫ್ಯಾನು, ಎಂಟು ಬಲ್ಬು, ಮತ್ತೆ ವೈಫೈ. 1,600 ವ್ಯಾಟಿನ ಆಸುಪಾಸು. ಜನರೇಟರಿನ ತಾಕತ್ತು ಹೇಳುವುದು ಕೆವಿಎಯಲ್ಲಿ. 2 ಕೆವಿಎ ಸಾಕು ಎಂದು ನಾನೇ ಲೆಕ್ಕ ಹಾಕಿದೆ. ಒಟ್ಟು ಮೂರು ತಪ್ಪು ಮಾಡಿದೆ, ಇದು ಮೊದಲನೆಯದು.

ನಮ್ಮ ವಯರ್‌ಮನ್ ಕಾಗದ ನೋಡಿ ನಕ್ಕ. ಕೆವಿಎ ಅಂದರೆ ಪೂರ್ತಿ ಕಿಲೋವ್ಯಾಟ್ ಅಲ್ಲ, ಸಾಧಾರಣವಾಗಿ ಅದರ 0.8 ಪಾಲು ಹಿಡಿಯಬೇಕು. 2 ಕೆವಿಎಯಲ್ಲಿ ಸಿಗುವುದೇ 1,600 ವ್ಯಾಟ್. ಅದಾದರೂ ಸರಿ. ಆದರೆ ಮೋಟರು ಎಂಬುದು ಸೋಮಾರಿ ಎತ್ತಿನ ಹಾಗೆ. ನಡೆಯುವಾಗ ಏನೂ ತೊಂದರೆಯಿಲ್ಲ, ಮಲಗಿದ್ದನ್ನು ಎಬ್ಬಿಸುವಾಗಲೇ ಕಷ್ಟ. 1 ಎಚ್‌ಪಿ ಅಂದರೆ 746 ವ್ಯಾಟ್ ಕೆಲಸ. ಅದಕ್ಕೆ ಪಂಪು ಎಳೆಯುವುದು ಸಾವಿರದ ಹತ್ತಿರ. ಸ್ವಿಚ್ ಹಾಕಿದ ಆ ಒಂದು ಕ್ಷಣ ಮಾತ್ರ ಐದಾರು ಪಟ್ಟು ಕರೆಂಟ್ ಬೇಡುತ್ತದೆ. ಫ್ರಿಜ್ಜಿನ ಕಂಪ್ರೆಸರಿಗೂ ಅದೇ ಚಾಳಿ. "3 ಕೆವಿಎಗಿಂತ ಕಡಿಮೆ ನೋಡ್ಬೇಡಿ ಮಾರಾಯ್ರೆ. ಮೊದಲು ಪಂಪು, ಒಂದೇ. ಅದು ಓಡಿ ನಿಂತ ಮೇಲೆ ಫ್ರಿಜ್ಜು" ಎಂದ. ಜನರೇಟರ್ ಬಂದ ಮೇಲೆ ಎಲ್ಲವೂ ಒಟ್ಟಿಗೆ ಓಡುತ್ತದೆ ಎಂದು ಹೆಂಡತಿಗೆ ಹೇಳಿದ್ದೆ. ಆ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು.

ಡೀಸೆಲಾ ಪೆಟ್ರೋಲಾ ಎಂಬ ಚರ್ಚೆ ಬೇಗ ಮುಗಿಯಿತು. ವರ್ಷಕ್ಕೆ ಹತ್ತಿಪ್ಪತ್ತು ದಿನದ ಕೆಲಸಕ್ಕೆ ಪೆಟ್ರೋಲಿನದೇ ಸಾಕು.

ಇನ್ನು ಇಡುವ ಜಾಗ. ಮಳೆ ತಾಗಬಾರದು, ಕಳ್ಳರಿಗೆ ಕಾಣಬಾರದು, ಸದ್ದು ಕೇಳಬಾರದು. ಯೋಚಿಸಿ ನೋಡಿದರೆ ಸೌದೆ ಕೊಟ್ಟಿಗೆಯೇ ಸರಿ ಅನಿಸಿತು. ಅಡುಗೆಮನೆಗೆ ತಾಗಿಕೊಂಡೇ ಉಂಟು, ಬಾಗಿಲೂ ಉಂಟು. ಇದು ಎರಡನೆಯದು. ಒಣ ಸೌದೆ, ಅಡಿಕೆ ಸಿಪ್ಪೆ, ಪಕ್ಕದಲ್ಲಿ ಬಿಸಿ ಸೈಲೆನ್ಸರು, ಅದರ ತಲೆಯ ಮೇಲೆ ಪೆಟ್ರೋಲ್ ಟ್ಯಾಂಕು. ಇದಕ್ಕೆ ವಯರ್‌ಮನ್ ನಗಲಿಲ್ಲ.

ಬೆಂಕಿಗಿಂತ ಅವನಿಗೆ ಹೊಗೆಯದೇ ಹೆದರಿಕೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗಕ್ಕೆ ಅದಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಮತ್ತೆ ಓಕರಿಕೆ, ಮತ್ತೆ ನಿದ್ದೆ. ಕಿಟಕಿ ತೆರೆದಿಟ್ಟರೆ ಸಾಕು ಎಂಬ ಸಮಾಧಾನ ಇದಕ್ಕೆ ನಡೆಯುವುದಿಲ್ಲ. ಅಮ್ಮ ಇದನ್ನು ಕೇಳಿಸಿಕೊಂಡು, ಸುರಂಗ ಕೊರೆಯುವವರು ಒಳಗೆ ಮೇಣದಬತ್ತಿ ಹಚ್ಚಿಟ್ಟುಕೊಂಡೇ ಕೆಲಸ ಮಾಡುತ್ತಿದ್ದುದನ್ನು ನೆನಪಿಸಿದರು. ದೀಪ ನಂದಿತೋ, ಪಿಕ್ಕಾಸು ಬಿಟ್ಟು ಹೊರಗೆ. ಆದರೆ ಈ ಹೊಗೆಗೆ ಆ ಉಪಾಯ ಸಾಲದು. ದೀಪ ಉರಿಯುತ್ತಲೇ ಇರಬಹುದು, ನಾವು ನಂದಿರುತ್ತೇವೆ.

ಹಾಗಾಗಿ ಬಾಗಿಲು ಕಿಟಕಿಗಳಿಂದ ಕಡಿಮೆಯೆಂದರೆ 20 ಅಡಿ ದೂರ. ಮಳೆಗಾಲದ ಗಾಳಿ ನಮಗೆ ತೆಂಕು ಪಡುವಿನಿಂದ ಬೀಸುತ್ತದೆ. ಅದಕ್ಕೇ ಮನೆಯ ಬಡಗು ಮೂಡು ಮೂಲೆಯಲ್ಲಿ, ಹಳೆಯ ಗೊಬ್ಬರದ ಗುಂಡಿ ಇದ್ದಲ್ಲಿ, ಒಂದು ಸಿಮೆಂಟ್ ಕಟ್ಟೆ ಕಟ್ಟಿಸಿದೆ. ಮೇಲೆ ಶೀಟು, ನಾಲ್ಕೂ ಬದಿ ಖಾಲಿ. ಹೊಗೆ ಬಾಯಿ ತೋಟದ ಕಡೆಗೆ. ಸದ್ದು ಕೇಳುತ್ತದೆ, ಹೌದು. ಕಳ್ಳರಿಗೂ ಕಾಣುತ್ತದೆ. ಒಂದು ಸರಪಳಿ ಹಾಕಿದ್ದೇನೆ.

ಮೂರನೆಯ ತಪ್ಪು ನನ್ನದಲ್ಲ, ಭಾವನದು. ಆದರೆ ನಾನು ಒಪ್ಪಿಕೊಂಡಿದ್ದೆನಲ್ಲ, ಅದಕ್ಕೆ ನನ್ನ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ. ಭಾವ ಅವರ ಮನೆಯಿಂದ ಒಂದು ವಯರು ಸುತ್ತಿಕೊಂಡು ಬಂದರು. ಎರಡೂ ತುದಿಗೆ ಪಿನ್ನು. ಒಂದನ್ನು ಜನರೇಟರಿಗೆ, ಇನ್ನೊಂದನ್ನು ಜಗಲಿಯ ಪ್ಲಗ್ಗಿಗೆ ಚುಚ್ಚಿದರೆ ಇಡೀ ಮನೆಗೆ ಕರೆಂಟ್. "ಮೈನ್ ಆಫ್ ಮಾಡ್ಲಿಕ್ಕೆ ಮಾತ್ರ ಮರೀಬಾರ್ದು ಭಾವ, ಮತ್ತೆಂತ ಇಲ್ಲ" ಎಂದರು. ಲೈನು, ಜನರೇಟರು ಎರಡರಲ್ಲಿ ಒಂದನ್ನೇ ಮನೆಗೆ ಸೇರಿಸುವ ಚೇಂಜ್‌ಓವರ್ ಸ್ವಿಚ್ಚಿನ ಖರ್ಚು ಉಳಿಯಿತಲ್ಲ ಎಂದು ನನಗೂ ಖುಷಿ.

ವಯರ್‌ಮನ್ ಆ ವಯರನ್ನು ಕೈಗೆ ತೆಗೆದುಕೊಂಡು ಒಂದು ತುದಿಯ ಪಿನ್ನನ್ನು ನನ್ನ ಮುಖದ ಹತ್ತಿರ ಹಿಡಿದ. ಹಿತ್ತಾಳೆಯ ಎರಡು ಹಲ್ಲು, ಒಂದರ ಬುಡದಲ್ಲಿ ಸುಟ್ಟ ಕಪ್ಪು. ಆ ತುದಿ ಜನರೇಟರಿನಲ್ಲಿ ಇದ್ದು, ಈ ತುದಿ ಕಳಚಿ ಕೈಗೆ ಬಂದರೆ ಹಲ್ಲಿನಲ್ಲಿ 230 ವೋಲ್ಟ್. ಅದು ನಮ್ಮ ಪಾಲಿಗೆ. ಮೈನ್ ಆಫ್ ಮಾಡಲು ಮರೆತರೆ ಆಚೆಯವರ ಪಾಲು ಶುರು. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದು ಗೊತ್ತಿಲ್ಲ. 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುವ ಅದೇ ಪೆಟ್ಟಿಗೆ, ಮನೆಯ ಕಡೆಯಿಂದ 230 ಹೋದರೆ ಏರಿಸಿ 11,000 ಮಾಡಿ ಲೈನಿಗೆ ಬಿಡುತ್ತದೆ. ಹೆಚ್ಚಾಗಿ ಊರಿನ ಲೋಡು ಹೊರಲಾರದೆ ಸಣ್ಣ ಜನರೇಟರ್ ಉಸಿರುಕಟ್ಟಿ ನಿಲ್ಲುತ್ತದಂತೆ. ಆದರೆ ಲೈನ್ ಎಲ್ಲೋ ತುಂಡಾಗಿದ್ದರೆ ಆಚೆ ಲೋಡೇ ಇಲ್ಲವಲ್ಲ. ಆ ತುಂಡಾದ ಜಾಗದಲ್ಲೇ, ಕರೆಂಟಿಲ್ಲ ಎಂದುಕೊಂಡು, ಒಬ್ಬ ಮನುಷ್ಯ ಕೈ ಹಾಕಿರುತ್ತಾನೆ.

ಆಗ ನನಗೆ ಆ ರೈನ್‌ಕೋಟು ನೆನಪಾಯಿತು. ಅವನು ನನ್ನ ಅಂತಸ್ತು ವಿಚಾರಿಸಲು ಬಂದವನಲ್ಲ. ಕಂಬ ಹತ್ತುವ ಮೊದಲು ದಾರಿಯ ಪ್ರತಿ ಮನೆಯಲ್ಲೂ ಅದೇ ಪ್ರಶ್ನೆ ಕೇಳಿಕೊಂಡು ಬಂದಿದ್ದ.

ಭಾವನ ವಯರನ್ನು ಅಲ್ಲೇ ಅವರೆದುರೇ ಕತ್ತರಿಸಿದೆವು. ಅವರು ಎರಡು ದಿನ ಮಾತಾಡಲಿಲ್ಲ.

ಈಗ ಮೀಟರಿನ ಕೆಳಗೆ ಒಂದು ಹಿಡಿಕೆಯ ಪೆಟ್ಟಿಗೆ ಇದೆ, ಅದೇ ಚೇಂಜ್‌ಓವರ್ ಸ್ವಿಚ್ಚು. ಮೇಲೆ ಮಾಡಿದರೆ ಲೈನು, ನಡುವೆ ಏನೂ ಇಲ್ಲ, ಕೆಳಗೆ ಜನರೇಟರು. ಎರಡೂ ಒಟ್ಟಿಗೆ ಎಂಬುದು ಅದರ ಹುಟ್ಟಿನಲ್ಲೇ ಇಲ್ಲ. ಮರೆವಿಗೆ ಅಲ್ಲಿ ಕೆಲಸವಿಲ್ಲ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್ಚೇ ಆಗಬೇಕೆಂದು ವಯರ್‌ಮನ್ ಹಟ ಹಿಡಿದಿದ್ದ. ಬೇರೆ ಅರ್ತಿಂಗ್ ಕೂಡ ಮಾಡಿಸಿದ. ಜನರೇಟರಿನ ನ್ಯೂಟ್ರಲ್ ಅರ್ತಿಗೆ ಸೇರಿಲ್ಲದಿದ್ದರೆ, ಶಾಕ್ ಹೊಡೆದಾಗ ತಾನೇ ಕರೆಂಟ್ ಕಡಿಯಬೇಕಾದ ಇಎಲ್‌ಸಿಬಿ ಸ್ವಿಚ್ಚು ಸುಮ್ನೆ ನೋಡುತ್ತಾ ನಿಲ್ಲಬಹುದಂತೆ. ತಿಂಗಳಿಗೊಮ್ಮೆ ಕಾಲು ಗಂಟೆ ಲೋಡು ಹಾಕಿ ಓಡಿಸುತ್ತೇನೆ. ಇಲ್ಲದಿದ್ದರೆ ಹಳೆ ಪೆಟ್ರೋಲು ಕಾರ್ಬ್ಯುರೇಟರಿನಲ್ಲಿ ಹಲಸಿನ ಮೇಣದ ಹಾಗೆ ಕೂತುಬಿಡುತ್ತದೆ. ಬಿಸಿ ಇರುವಾಗ ಪೆಟ್ರೋಲ್ ಹಾಕುವಂತಿಲ್ಲ. ಮುಗಿದರೆ ನಿಲ್ಲಿಸಿ, ಒಂದು ಚಾ ಕುಡಿದು, ತಣ್ಣಗಾದ ಮೇಲೆ.

ಈ ಸಲ ಜುಲೈಯಲ್ಲಿ ಮಳೆ ನೋಡಲೆಂದೇ ತುಮಕೂರಿನಿಂದ ಷಡ್ಡಕರು ಬಂದಿದ್ದರು. ಬಂದ ಮರುದಿನವೇ ಕರೆಂಟ್ ಹೋಯಿತು. ಜನರೇಟರ್ ಓಡುತ್ತಿತ್ತು, ಅವರು ಜಗಲಿಯಲ್ಲಿ ಕೂತಿದ್ದರು. ಗೇಟಿನಿಂದ ಅದೇ ಸ್ವರ: "ಜನರೇಟರ್ ಉಂಡೋ?"

"ಬೆಳಿಗ್ಗೇನೇ ಎರಡು ಲೀಟರ್ ಉಂಡಿದೆ ಸ್ವಾಮಿ" ಎಂದರು ಷಡ್ಡಕರು.

ಲೈನ್‌ಮ್ಯಾನ್‌ಗೆ ಅರ್ಥವಾಗಲಿಲ್ಲ. ನಾನು ಓಡಿಹೋಗಿ ಒಳಗೆ ಕರೆದೆ. ಅವನು ಚಪ್ಪಲಿ ಬಿಟ್ಟು, ನೀರು ಸುರಿಸುತ್ತಲೇ ಬಂದು ಹಿಡಿಕೆ ಕೆಳಗಿರುವುದನ್ನು ನೋಡಿದ. ನೋಡಿದ್ದು ಸಾಲದೆ ಬೆರಳಲ್ಲಿ ಒಮ್ಮೆ ಒತ್ತಿ ಖಾತ್ರಿ ಮಾಡಿಕೊಂಡ. ತಲೆಯಾಡಿಸಿ ಹೋದ. ಒಂದೂವರೆ ಗಂಟೆ ಬಿಟ್ಟು ವಾಪಸು ಬಂದಾಗ ಕೈಯೆಲ್ಲ ರಬ್ಬರ್ ಹಾಲು. ಲೈನ್ ಬರಲು ಇನ್ನೂ ಹೊತ್ತುಂಟು, ಮೇಲೆ ಇನ್ನೊಂದು ಮರ ಬಿದ್ದಿದೆ ಎಂದ. ಚಾ ಕುಡಿದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಫೋನನ್ನು ಹೊರಗೆ ತೆಗೆದು, ಅರ್ಧ ಗಂಟೆ ಇಲ್ಲಿ ಚಾರ್ಜಿಗೆ ಇಡಬಹುದಾ ಎಂದು ಕೇಳಿದ. ಅವನ ಮನೆಯಲ್ಲಿ ಮೊನ್ನೆಯಿಂದ ಕರೆಂಟಿಲ್ಲವಂತೆ.