ವಿಕಿಪೀಡಿಯದಲ್ಲಿ ಯಾರ ಪುಟ ಇರಬೇಕು ಎಂಬುದನ್ನು ಗೂಗಲ್ ತೀರ್ಮಾನಿಸಬಾರದು

ಯಾರದ್ದಾದರೂ ಪುಟ ವಿಕಿಪೀಡಿಯದಲ್ಲಿ ಇರಬೇಕೇ, ಅಳಿಸಬೇಕೇ ಎಂಬ ಚರ್ಚೆ ಶುರುವಾದರೆ ಸಾಕು, ‘ಅವರೇನು ಅಷ್ಟು ದೊಡ್ಡವರಾ?’ ಎಂದು ಒಂದು ಕಡೆ, ‘ಅವರ ಸಾಧನೆ ನಿಮಗೇನು ಗೊತ್ತು?’ ಎಂದು ಇನ್ನೊಂದು ಕಡೆ ಮಾತು ಬೆಳೆಯುತ್ತದೆ. ಚರ್ಚೆ ದಾರಿ ತಪ್ಪುವುದೇ ಅಲ್ಲಿ. ಗಮನಾರ್ಹತೆಯ ನಿಯಮ ಯಾರ ದೊಡ್ಡಸ್ತಿಕೆಯನ್ನೂ ತೂಗುವುದಿಲ್ಲ. ಅದು ಕೇಳುವುದು ಇಷ್ಟೆ: ಈ ವ್ಯಕ್ತಿಯ ಜೊತೆ ಸಂಬಂಧ ಇಲ್ಲದವರು, ನಂಬಬಹುದಾದ ಕಡೆ, ಇವರ ಬಗ್ಗೆ ವಿವರವಾಗಿ ಬರೆದಿದ್ದಾರೆಯೇ? ಬರೆದಿಲ್ಲವಾದರೆ ಪುಟ ತುಂಬಿಸಲು ಹೊಗಳಿಕೆ ಮತ್ತು ಕೇಳಿದ ಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ.

ನಿಯಮದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ನಾವು ಅದನ್ನು ಬಳಸುವ ರೀತಿಯ ಬಗ್ಗೆ. ಗೂಗಲ್‌ನಲ್ಲಿ ಹೆಸರು ಹಾಕುವುದು, ಹತ್ತು ಕೊಂಡಿ ಸಿಕ್ಕರೆ ಪಾಸು, ಸಿಗದಿದ್ದರೆ ಫೇಲು. ಹೀಗೆ ಮಾಡಿದರೆ ದುಡ್ಡು ಕೊಟ್ಟು ಸುದ್ದಿ ಹಾಕಿಸಿಕೊಂಡವರು ಒಳಗೆ ಬರುತ್ತಾರೆ, ಜೀವಮಾನವಿಡೀ ತೊಗಲುಗೊಂಬೆ ಆಡಿಸಿದವರು ಹೊರಗೆ ಉಳಿಯುತ್ತಾರೆ.

ಆ ಹತ್ತು ಕೊಂಡಿಗಳನ್ನು ಬಿಚ್ಚಿ ನೋಡಿ. ‘ಯುವ ಉದ್ಯಮಿಯ ಯಶೋಗಾಥೆ’ ಎಂಬ ತಲೆಬರಹ. ವರದಿಗಾರರ ಹೆಸರಿರಬೇಕಾದ ಜಾಗದಲ್ಲಿ ಬರೀ ‘ಡೆಸ್ಕ್’. ಇಡೀ ಬರಹದಲ್ಲಿ ಆ ಉದ್ಯಮಿಯದೇ ಮಾತು. ಗ್ರಾಹಕರಾಗಲಿ, ಪ್ರತಿಸ್ಪರ್ಧಿಯಾಗಲಿ, ಟೀಕಿಸುವವರಾಗಲಿ ಎಲ್ಲೂ ಇಲ್ಲ. ಕಡೆಯಲ್ಲಿ ಇನ್‌ಸ್ಟಾಗ್ರಾಮ್ ವಿಳಾಸ. ಇನ್ನೂ ಕೆಳಗೆ ಸಣ್ಣಕ್ಷರದಲ್ಲಿ, ಈ ಬರಹಕ್ಕೂ ನಮ್ಮ ಸಂಪಾದಕೀಯ ವಿಭಾಗಕ್ಕೂ ಸಂಬಂಧವಿಲ್ಲ ಎಂಬ ಸೂಚನೆ. ಮಧ್ಯದ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಅದೇ ವಾಕ್ಯ ಇನ್ನೂ ನಾಲ್ಕು ತಾಣಗಳಲ್ಲಿ ಅದೇ ವಾರ ಬಂದಿರುತ್ತದೆ. ಇವು ಐದು ಮೂಲಗಳಲ್ಲ, ಒಂದೇ ಪತ್ರಿಕಾ ಪ್ರಕಟಣೆ. ಗಮನಾರ್ಹತೆಯ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ಕಾಸಿನ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲೇ ವರದಿ ಹೊರತಂದಿದೆ. ಆಗ ಎದ್ದಿದ್ದು ಚುನಾವಣಾ ಸುದ್ದಿಯ ಪ್ರಶ್ನೆ. ಈಗ ಅದೇ ದಾರಿಯಲ್ಲಿ ವ್ಯಕ್ತಿಪರಿಚಯಗಳು ಬರುತ್ತಿವೆ.

ಪ್ರಶಸ್ತಿಗಳನ್ನೂ ಹೀಗೇ ಸೋಸಬೇಕು. ಹೆಸರೇ ಕೇಳದ ಟ್ರಸ್ಟು ಕೊಟ್ಟ ‘ರಾಜ್ಯಮಟ್ಟದ’ ಪ್ರಶಸ್ತಿ, ಯುಜಿಸಿ ಪಟ್ಟಿಯಲ್ಲೇ ಇಲ್ಲದ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, ಇವನ್ನು ನೋಡಿ ಪುಟ ಉಳಿಸಬಾರದು. ಅಭಿನಂದನ ಗ್ರಂಥದ ವಿಷಯದಲ್ಲಿ ನಮ್ಮವರು ಹೆಚ್ಚು ಎಡವುತ್ತಾರೆ. ಆರುನೂರು ಪುಟ ಇದ್ದರೂ ಅದನ್ನು ತಂದವರು ಅಭಿಮಾನಿಗಳ ಸಮಿತಿ, ಬರೆದವರು ಶಿಷ್ಯರು ಮತ್ತು ಸ್ನೇಹಿತರು. ಅದು ಸ್ವತಂತ್ರ ಮೂಲ ಅಲ್ಲ. ಹಾಗೆಂದು ಮುಚ್ಚಿಡಬೇಡಿ. ಹಿಂದೆ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ಅದರಲ್ಲಿ ಮರುಮುದ್ರಿಸಿರುತ್ತಾರೆ, ಕೆಳಗೆ ಪತ್ರಿಕೆಯ ಹೆಸರು, ದಿನಾಂಕ ಇರುತ್ತವೆ. ಆ ಮೂಲ ಲೇಖನಗಳೇ ನಮಗೆ ಬೇಕಾದವು. ಮುನ್ನುಡಿ, ಬೆನ್ನುಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಂದರ್ಶನದಲ್ಲಿ ವ್ಯಕ್ತಿ ಆಡಿದ ಮಾತೂ ಲೆಕ್ಕಕ್ಕಿಲ್ಲ. ವರದಿಗಾರರು ತಾವಾಗಿ ಕೆದಕಿ ಬರೆದ ಭಾಗವಿದ್ದರೆ ಅದಷ್ಟೇ.

ಇನ್ನು, ಕೊಂಡಿಯೇ ಸಿಗದವರ ವಿಷಯ. ಇಲ್ಲಿ ಅನ್ಯಾಯ ಆಗುತ್ತಿದೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. 2025ರಲ್ಲಿ ಪದ್ಮಶ್ರೀ ಬಂದ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರನ್ನೇ ತೆಗೆದುಕೊಳ್ಳಿ. ಶಿಳ್ಳೇಕ್ಯಾತರ, ಸಿಳ್ಳೇಕ್ಯಾತರ, ಕಿಳ್ಳೇಕ್ಯಾತರ ಎಂದು ಕನ್ನಡದಲ್ಲೇ ಬೇರೆ ಬೇರೆ ರೂಪಗಳಿವೆ. ಇಂಗ್ಲಿಷಿನ ಕಾಗುಣಿತಕ್ಕಂತೂ ಲೆಕ್ಕವಿಲ್ಲ. ಒಂದೇ ರೂಪದಲ್ಲಿ ಹುಡುಕಿ ಕೈ ತೊಳೆದುಕೊಂಡರೆ ಅದು ಹುಡುಕಾಟವಲ್ಲ. ಊರಿನ ಹೆಸರು, ಮೇಳದ ಹೆಸರು, ಗುರುವಿನ ಹೆಸರು, ಇನಿಷಿಯಲ್ ಇದ್ದದ್ದು, ಇಲ್ಲದ್ದು ಎಲ್ಲವನ್ನೂ ಸೇರಿಸಿ ನೋಡಬೇಕು.

ಆಮೇಲೂ ಗೂಗಲ್ ಕಣ್ಣಿಗೆ ಬೀಳದ್ದು ಬಹಳ ಇದೆ. ಹಳೆಯ ಡಿಟಿಪಿ ಕಡತಗಳಲ್ಲಿ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿ ಕೂಡಿಸಿದ ಪಠ್ಯ ಯೂನಿಕೋಡ್ ಅಲ್ಲ. ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ. ಹಾಗಾಗಿ ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಎಷ್ಟೋ ಇ-ಪೇಪರ್‌ಗಳಲ್ಲಿ ಪುಟ ಬರೀ ಚಿತ್ರವಾಗಿರುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್‌ನಲ್ಲಿ ಒತ್ತಕ್ಷರ ಬಂದ ಕಡೆ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶ, ಕೈಕೊಡುತ್ತದೆ; ಪರಿವಿಡಿ ತೆರೆದು ಕಣ್ಣಿಂದಲೇ ಓದಬೇಕು. ಭಾರತದ ವಿಶ್ವವಿದ್ಯಾಲಯಗಳ ಸಂಶೋಧನಾ ಪ್ರಬಂಧಗಳ ತಾಣ ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧಗಳಿವೆ. ಜಾನಪದ, ಯಕ್ಷಗಾನ, ಬಯಲಾಟ ಅಕಾಡೆಮಿಗಳ ಪುಸ್ತಕಗಳು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗದ ಪ್ರಕಟಣೆಗಳು, ಸುಧಾ, ತರಂಗದ ಹಳೆಯ ಸಂಚಿಕೆಗಳು, ಭಾನುವಾರದ ಪುರವಣಿಗಳು, ಇವೇ ನಮ್ಮ ಕಲಾವಿದರ ಬಗ್ಗೆ ಬರಹ ಇರುವ ಜಾಗಗಳು. ಮೂಲಕ್ಕೆ ಕೊಂಡಿ ಇರಲೇಬೇಕು ಎಂಬ ನಿಯಮ ವಿಕಿಪೀಡಿಯದಲ್ಲಿ ಇಲ್ಲ. ಲೇಖಕರು, ಲೇಖನದ ಹೆಸರು, ಪತ್ರಿಕೆ, ದಿನಾಂಕ, ಪುಟಸಂಖ್ಯೆ ಕೊಟ್ಟರೆ ಸಾಕು.

ಗಿಡಮರ ಬೆಳೆಸಿ ಹೆಸರಾದ ಅಂಕೋಲಾದ ತುಳಸಿ ಗೌಡರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 1999ರಲ್ಲಿ. ಪದ್ಮಶ್ರೀ ಸ್ವೀಕರಿಸಲು ಬರಿಗಾಲಲ್ಲಿ ನಡೆದುಹೋದ ಅವರ ಫೋಟೊ ಎಲ್ಲರ ಫೋನಿಗೆ ಬಂದದ್ದು 2021ರ ನವೆಂಬರಿನಲ್ಲಿ. ಆ ನಡುವಿನ ಎರಡು ದಶಕ ಅವರು ಗಮನಾರ್ಹರಾಗಿರಲಿಲ್ಲವೇ?

ಹೊರದೇಶದಲ್ಲೂ ಹೀಗಾಗಿದೆ. ಕೆನಡಾದ ಭೌತವಿಜ್ಞಾನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಬಗ್ಗೆ ಬರೆದ ಕರಡನ್ನು ಇಂಗ್ಲಿಷ್ ವಿಕಿಪೀಡಿಯ 2018ರ ಮೇ ತಿಂಗಳಲ್ಲಿ ವಾಪಸ್ ಕಳಿಸಿತು. ಕಾರಣ, ಸ್ವತಂತ್ರ ಮೂಲಗಳಿಲ್ಲ. ಅದೇ ಅಕ್ಟೋಬರಿನಲ್ಲಿ ಅವರಿಗೆ ನೊಬೆಲ್ ಬಂತು. ಇದನ್ನು ಬರೀ ಹೆಣ್ಣಿನ ಕಡೆಗಣನೆ ಎಂದು ಹೇಳಿ ಮುಗಿಸುವವರಿದ್ದಾರೆ. ಆ ಅಂಶ ಇದೆ, ಆದರೆ ಕೆಲಸದಲ್ಲಾದ ತಪ್ಪನ್ನೂ ನೋಡಬೇಕು. ವಿದ್ವಾಂಸರಿಗೆ ವಿಕಿಪೀಡಿಯದಲ್ಲಿ ಪ್ರತ್ಯೇಕ ಮಾನದಂಡವಿದೆ. ಪ್ರತಿಷ್ಠಿತ ವಿದ್ವತ್ ಸಂಘದ ಫೆಲೊ ಅಥವಾ ಅಧ್ಯಕ್ಷರಾಗಿದ್ದರೂ ಸಾಕು. ಸ್ಟ್ರಿಕ್‌ಲ್ಯಾಂಡ್ 2013ರಲ್ಲಿ ಅಮೆರಿಕದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿದ್ದವರು. ಕರಡನ್ನು ನೋಡಿದವರು ಹಿಡಿದದ್ದು ಪತ್ರಿಕಾ ವರದಿಯ ಸಾಮಾನ್ಯ ಅಳತೆಯನ್ನು. ವಿಶ್ವವಿದ್ಯಾಲಯದ ಕುಲಪತಿಗೆ, ಶಾಸಕರಿಗೆ, ಸಾಹಿತಿಗೆ ಬೇರೆ ಬೇರೆ ಮಾನದಂಡಗಳಿವೆ. ಶಾಸಕರಾಗಿ ಗೆದ್ದವರಿಗೆ ಪುಟ ಇರಬಹುದು. ಟಿಕೆಟ್ ಸಿಕ್ಕಿ ಸೋತವರಿಗೆ, ಪಂಚಾಯ್ತಿ ಸದಸ್ಯರಿಗೆ ಆ ಕಾರಣಕ್ಕೇ ಪುಟ ಬರುವುದಿಲ್ಲ. ಗಮನಾರ್ಹರ ಮಗ, ಸೊಸೆ ಎಂಬುದಂತೂ ಅರ್ಹತೆಯೇ ಅಲ್ಲ.

ಇಂಗ್ಲಿಷಿನಲ್ಲಿ ಅಳಿಸುವ ಚರ್ಚೆ ಸಾಮಾನ್ಯವಾಗಿ ಏಳು ದಿನ ನಡೆಯುತ್ತದೆ. ಅಲ್ಲಿ ತಲೆ ಎಣಿಸುವುದಿಲ್ಲ, ವಾದ ನೋಡುತ್ತಾರೆ. ಆದ್ದರಿಂದ ಊರಿನವರನ್ನೆಲ್ಲ ಕರೆತಂದು ‘ಉಳಿಸಿ’ ಎಂದು ಬರೆಸಿದರೆ ಪ್ರಯೋಜನವಿಲ್ಲ. ಒಂದು ಒಳ್ಳೆಯ ಪತ್ರಿಕಾ ಲೇಖನದ ವಿವರ ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಅಲ್ಲಿ ಅಳಿಸಿದ ಮಾತ್ರಕ್ಕೆ ಕನ್ನಡದಲ್ಲೂ ಅಳಿಸಬೇಕಿಲ್ಲ. ಪ್ರತಿ ಭಾಷೆಯ ವಿಕಿಪೀಡಿಯ ತನ್ನ ನಿರ್ಧಾರ ತಾನೇ ಮಾಡುತ್ತದೆ.

ಕನ್ನಡದಲ್ಲಿ ಪುಟದ ಮೇಲೆ ಅಳಿಸುವ ಟೆಂಪ್ಲೇಟು, ಅಂದರೆ ಅಳಿಸಬೇಕೆಂಬ ಸೂಚನೆ, ಹಾಕುವವರಲ್ಲಿ ಒಂದು ಕೋರಿಕೆ. ‘ಮೂಲ ಸಿಗಲಿಲ್ಲ’ ಎಂದಷ್ಟೇ ಬರೆಯಬೇಡಿ. ಯಾವ ಯಾವ ಕಾಗುಣಿತದಲ್ಲಿ, ಎಲ್ಲೆಲ್ಲಿ ಹುಡುಕಿದಿರಿ ಎಂದು ಚರ್ಚಾಪುಟದಲ್ಲಿ ಹೇಳಿ. ಜಿಲ್ಲಾ ಗ್ರಂಥಾಲಯದ ಹತ್ತಿರ ಇರುವವರು ಉಳಿದದ್ದನ್ನು ನೋಡಬಹುದು. ನಿಜಕ್ಕೂ ಒಂದೇ ಒಂದು ಮೂಲ ಸಿಕ್ಕಿದ್ದರೆ ಅದರ ಎರಡು ಸಾಲನ್ನು ಆ ಕಲೆಯ ಅಥವಾ ಊರಿನ ಪುಟಕ್ಕೆ ಉಲ್ಲೇಖದ ಸಮೇತ ಸೇರಿಸಿ, ವ್ಯಕ್ತಿಯ ಹೆಸರಿನಿಂದ ಅಲ್ಲಿಗೆ ಪುನರ್ನಿರ್ದೇಶನ ಕೊಡಿ, ಅಂದರೆ ಆ ಹೆಸರು ಹುಡುಕಿದವರು ನೇರ ಆ ಪುಟಕ್ಕೆ ಹೋಗುವಂತೆ ಮಾಡಿ. ಪುಟದ ಇತಿಹಾಸ ಉಳಿದಿರುತ್ತದೆ, ಇನ್ನೊಂದು ಲೇಖನ ಸಿಕ್ಕ ದಿನ ಬೇರೆಯವರು ಅಲ್ಲಿಂದಲೇ ಮುಂದುವರಿಸಬಹುದು.