ನನ್ನ ಪಾಲಿನ 4.8 ಲಕ್ಷ ಎಲ್ಲಿ?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಆ ಸುದ್ದಿ ಮತ್ತೆ ಬಂದಿದೆ. ‘ಪ್ರತಿ ಭಾರತೀಯನ ತಲೆ ಮೇಲೆ 4.8 ಲಕ್ಷ ರೂಪಾಯಿ ಸಾಲ!’ ಜೊತೆಗೆ ಅಳುವ ಮುಖ ಮೂರು. 2025ರ ಜೂನ್‌ನಿಂದ ಸುತ್ತುತ್ತಿರುವ ಸುದ್ದಿ ಇದು. ಇಷ್ಟು ಹೊತ್ತಿಗೆ ಅದಕ್ಕೂ ಬಡ್ಡಿ ಸೇರಿರಬೇಕು.

ಮೊದಲ ಸಲ ಓದಿದಾಗ ನನಗೆ ಭಯ ಆಗಲಿಲ್ಲ, ಸಿಟ್ಟು ಬಂತು. ನಮ್ಮ ಮನೆಯಲ್ಲಿ ಐದು ತಲೆ. ಅಂದರೆ 24 ಲಕ್ಷ. ಸಾಲ ಇದೆ ಅಂತೀರಿ, ಸರಿ. ಆ ದುಡ್ಡು ಎಲ್ಲಿ? ಯಾರು ಸಹಿ ಹಾಕಿ ತಗೊಂಡು ಹೋದರು? ಅಣ್ಣನ ಮೊಮ್ಮಗಳು ಹುಟ್ಟಿ ಆಗ ಹನ್ನೊಂದು ದಿನ. ಹೆಸರಿಡುವ ಮೊದಲೇ ಅವಳ ಹೆಸರಲ್ಲಿ 4.8 ಲಕ್ಷ. ಜಾಮೀನು ಹಾಕಿದ ಪುಣ್ಯಾತ್ಮ ಯಾರೋ.

ಆಮೇಲೆ ಗೊತ್ತಾಯಿತು. ರಿಸರ್ವ್ ಬ್ಯಾಂಕ್ ತನ್ನ ವರದಿಯಲ್ಲಿ ಹೇಳಿದ್ದು ಎಲ್ಲರ ಲೆಕ್ಕ ಅಲ್ಲ, ಸಾಲ ತಗೊಂಡವರ ತಲಾ ಲೆಕ್ಕ. 2023ರ ಮಾರ್ಚ್‌ನಲ್ಲಿ 3.9 ಲಕ್ಷ ಇದ್ದದ್ದು 2025ರ ಮಾರ್ಚ್‌ಗೆ 4.8 ಲಕ್ಷ ಆಗಿದೆಯಂತೆ. ಎರಡೇ ವರ್ಷಕ್ಕೆ 90 ಸಾವಿರ. ನನ್ನ ಸಂಬಳ ಇಷ್ಟು ಚುರುಕಾಗಿ ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಸಂಬಳ ಸಾಲದು, ಅದಕ್ಕೇ ಸಾಲ. ನಮ್ಮ ಭಾಷೆ ಇದನ್ನು ಎಂದೋ ಕಂಡುಕೊಂಡಿತ್ತು, ಪಾಪ ವರದಿ ಬರೆಯುವವರಿಗೆ ಕನ್ನಡ ಬರುವುದಿಲ್ಲ.

ಈ ತಲಾ ಲೆಕ್ಕದಂಥ ಸಮಾನತೆ ನಮ್ಮ ದೇಶದಲ್ಲಿ ಬೇರೆಲ್ಲೂ ಸಿಗಲ್ಲ. ವೈಟ್‌ಫೀಲ್ಡ್‌ನಲ್ಲಿ 80 ಲಕ್ಷ ಸಾಲ ಮಾಡಿ ಫ್ಲ್ಯಾಟ್ ತಗೊಂಡವನನ್ನೂ, ನಂಜನಗೂಡಿನ ಕಡೆ 30 ಸಾವಿರ ಸಂಘದ ಸಾಲ ತಗೊಂಡು ಹಸು ಕಟ್ಟಿದವಳನ್ನೂ ಪಕ್ಕಪಕ್ಕ ಕೂರಿಸಿ ಎರಡರಿಂದ ಭಾಗಿಸುತ್ತದೆ. ತಲಾ 40 ಲಕ್ಷದ 15 ಸಾವಿರ. ಆ ಹೆಂಗಸಿಗೆ ಈ ವಿಷಯ ಹೇಳಿ ನೋಡಿ. ‘ಅಷ್ಟೊಂದು ಕೊಡೋ ಬ್ಯಾಂಕು ಎಲ್ಲೈತೆ, ವಸಿ ತೋರ್ಸಿ ಸ್ವಾಮಿ’ ಅಂತಾಳೆ.

ಗಾಬರಿ ಬೇಡ ಅಂತಲೂ ವರದಿಯಲ್ಲಿ ಇದೆ. ಸಾಲ ಏರಿಸಿಕೊಂಡವರಲ್ಲಿ ಒಳ್ಳೆಯ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ಸರಿಯಾಗಿ ತೀರಿಸುವವರು ಅನ್ನುವ ಅಂಕ ಇರುವವರೇ ಜಾಸ್ತಿಯಂತೆ. ದೇಶದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ನಮ್ಮ ಕುಟುಂಬಗಳ ಸಾಲ 2024ರ ಡಿಸೆಂಬರ್‌ನಲ್ಲಿ ಶೇ 41.9 ಇತ್ತಂತೆ, ನಮ್ಮಂಥ ಬೇರೆ ದೇಶಗಳಿಗಿಂತ ಕಡಿಮೆಯಂತೆ. ಬಸ್ಸಿನ ಕಂಡಕ್ಟರ್ ‘ಒಳಗೆ ಜಾಗ ಇದೆ, ಹೋಗ್ರಿ ಹೋಗ್ರಿ’ ಅನ್ನುತ್ತಾನಲ್ಲ, ಅದೇ ಧ್ವನಿ.

ಇನ್ನೊಂದು ಅಂಕಿ ನನಗೆ ಬಹಳ ಇಷ್ಟವಾಯಿತು. 2025ರ ಮಾರ್ಚ್‌ನಲ್ಲಿ ಕುಟುಂಬಗಳ ಸಾಲದಲ್ಲಿ ಶೇ 54.9 ಮನೆ ಕಟ್ಟಲಿಕ್ಕಲ್ಲದ ‘ಚಿಲ್ಲರೆ ಸಾಲ’. ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡು, ಇಂಥವು. ಬ್ಯಾಂಕಿನವರು ರಿಟೇಲ್ ಅನ್ನುವುದನ್ನು ಚಿಲ್ಲರೆ ಅಂತ ಕನ್ನಡಕ್ಕೆ ತಂದ ಮಹಾನುಭಾವನಿಗೆ ನಮಸ್ಕಾರ. ಮಗಳ ಕಾಲೇಜು ಫೀಸು, ಅಪ್ಪನ ಸ್ಟೆಂಟು, ಹಳೇ ಸಾಲ ತೀರಿಸಲು ಹೊಸ ಸಾಲ, ಎಲ್ಲಾ ಚಿಲ್ಲರೆ. ನಾವೂ ಚಿಲ್ಲರೆ ಜನವೇ ಬಿಡಿ.

ಕಾರ್ಡಿನ ಚಿಲ್ಲರೆಯನ್ನು ಒಮ್ಮೆ ಎಣಿಸಿ ನೋಡಿದೆ. ಬಾಕಿ 50 ಸಾವಿರ, ತಿಂಗಳಿಗೆ ಶೇ 3.5 ಬಡ್ಡಿ. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಅಂತ ಶೇ 5, ಅಂದರೆ 2,500 ರೂಪಾಯಿ. ಕಟ್ಟಿದೆ, ಸಮಾಧಾನ ಆಯಿತು. ಅದರಲ್ಲಿ 1,750 ಬಡ್ಡಿಗೆ ಹೋಯಿತು. ಬಡ್ಡಿಯ ಮೇಲೆ ಜಿಎಸ್‌ಟಿ 315. ಅಸಲಿಗೆ ಇಳಿದದ್ದು 435 ರೂಪಾಯಿ. ಸಾಲ ತಗೊಂಡು ಬಡ್ಡಿ ಕಟ್ಟಿದ್ದಕ್ಕೆ ತೆರಿಗೆಯನ್ನೂ ಕಟ್ಟಿ ರಾಷ್ಟ್ರ ನಿರ್ಮಾಣ ಮಾಡುತ್ತಿದ್ದೇನೆ. ಮನೆಯವರಿಗೆ ಇದರ ಬೆಲೆಯೇ ಗೊತ್ತಿಲ್ಲ.

‘ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ’ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಸೊನ್ನೆ ಬಡ್ಡಿ ಸತ್ತಿತು. ಅದರ ತಮ್ಮ ‘ನೋ ಕಾಸ್ಟ್ ಇಎಂಐ’ ಈಗ ಟಿವಿ ಅಂಗಡಿಯ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದಾನೆ.

ಇಷ್ಟಾದ ಮೇಲೂ ಜನ ಹೇಗಿದ್ದಾರೆ? ಅದನ್ನೂ ರಿಸರ್ವ್ ಬ್ಯಾಂಕೇ ಎರಡು ತಿಂಗಳಿಗೊಮ್ಮೆ ಕೇಳುತ್ತದೆ. ಈಗಿನ ಪರಿಸ್ಥಿತಿ ಹೇಗಿದೆ, ಇನ್ನೊಂದು ವರ್ಷಕ್ಕೆ ಹೇಗಿರುತ್ತೆ ಅಂತ. ಬಂದ ಉತ್ತರಗಳನ್ನೆಲ್ಲ ಸೇರಿಸಿ ಒಂದು ಅಂಕ ಕೊಡುತ್ತದೆ. 100 ಅಂದರೆ ಹಾಗೂ ಇಲ್ಲ ಹೀಗೂ ಇಲ್ಲ. 2025ರಲ್ಲಿ ಪೇಟೆಯ ಜನರ ಉತ್ತರ ನೋಡಿ. ಈಗಿನದಕ್ಕೆ 100ಕ್ಕಿಂತ ಕಡಿಮೆ. ಮುಂದಿನ ವರ್ಷಕ್ಕೆ 120ಕ್ಕಿಂತ ಜಾಸ್ತಿ. ಅದರ ಹಿಂದಿನ ವರ್ಷವೂ ಹಾಗೇ. ಈಗ ಕಷ್ಟ, ಮುಂದೆ ಚೆನ್ನಾಗಿರುತ್ತೆ. ಆ ಮುಂದಿನ ವರ್ಷ ಬಂದಾಗ ಮತ್ತೆ ಕೇಳಿದರೆ? ಈಗ ಕಷ್ಟ, ಮುಂದೆ ಚೆನ್ನಾಗಿರುತ್ತೆ. ಸಾಲದ ಅರ್ಜಿಯಲ್ಲಿ ಪಾನ್ ಕಾರ್ಡು, ಸಂಬಳದ ಚೀಟಿ ಎಲ್ಲಾ ಕೇಳುತ್ತಾರೆ, ಸುಮ್ನೆ. ಅಡವು ಇಡುತ್ತಿರುವುದು ಈ ‘ಮುಂದೆ ಚೆನ್ನಾಗಿರುತ್ತೆ’ಯನ್ನು. ಅದರ ಮೇಲೇ ಇಡೀ ವ್ಯಾಪಾರ ನಿಂತಿದೆ.

ಸಾಲದ ವಿಷಯ ಬಂದಾಗ ನಮ್ಮಮ್ಮ ತಿರುಪತಿ ತಿಮ್ಮಪ್ಪನ ಕಥೆ ಹೇಳಿ ಸಮಾಧಾನ ಮಾಡುತ್ತಿದ್ದಳು. ಪದ್ಮಾವತಿಯನ್ನು ಮದುವೆ ಆಗಲು ಅವನು ಕುಬೇರನ ಹತ್ತಿರ ಸಾಲ ಮಾಡಿದ. ಬ್ರಹ್ಮ, ಶಿವ ಸಾಕ್ಷಿ. ಕಲಿಯುಗ ಮುಗಿಯುವವರೆಗೆ ಬಡ್ಡಿ, ಆಮೇಲೆ ಅಸಲು. ಆ ಬಡ್ಡಿಯನ್ನೇ ನಾವು ಹುಂಡಿಗೆ ಹಾಕಿ ಬರುತ್ತಿದ್ದೇವೆ. ಚಿಕ್ಕವನಿದ್ದಾಗ ನನಗೆ ಇದು ಭಕ್ತಿಯ ಕಥೆ. ಈಗ ಇದರ ಷರತ್ತುಗಳೇ ಕಣ್ಣಿಗೆ ಬೀಳುತ್ತವೆ. ಎಂಥಾ ಅವಧಿ! ಎಂಥಾ ವಿನಾಯಿತಿ! ಒಬ್ಬರ ಮದುವೆ ಸಾಲ, ಕಂತು ಕಟ್ಟಲು ಕೋಟ್ಯಂತರ ಜನ, ಅದೂ ತಲೆ ಬೋಳಿಸಿಕೊಂಡು ಸರದಿಯಲ್ಲಿ ನಿಂತು. ಮುಖ್ಯವಾಗಿ, ಕುಬೇರನ ಕಡೆಯವರು ಯಾರೂ ಪದ್ಮಾವತಿಯ ತವರಿಗೆ ಫೋನ್ ಮಾಡಿ ‘ನಿಮ್ಮ ಅಳಿಯ ಎಲ್ಲಮ್ಮಾ’ ಅಂತ ಕೇಳಿದ ಉಲ್ಲೇಖ ಇಲ್ಲ.

ನನಗೆ ಕೇಳಿದರು. ಸೋದರತ್ತೆಯ ಮಗ ಮೊಬೈಲಿನಲ್ಲೇ ಯಾವುದೋ ಸಾಲ ತಗೊಂಡು, ‘ಪರಿಚಯದವರ ನಂಬರ್’ ಅನ್ನುವ ಜಾಗದಲ್ಲಿ ನನ್ನದನ್ನು ಬರೆದಿದ್ದ. ಆ ಕಂಪನಿಯಿಂದ ನನಗೆ ಮೊದಲು ಬಂದ ಫೋನ್ ಹಾಲುಜೇನು. ಹುಡುಗಿ ‘ಅಭಿನಂದನೆಗಳು ಸರ್’ ಅಂದಳು. ಯಾಕಮ್ಮಾ ಅಂದೆ. ನನಗೂ ಎರಡು ಲಕ್ಷ ಮೊದಲೇ ಮಂಜೂರಾಗಿದೆಯಂತೆ. ಪಿಯುಸಿ ಪಾಸಾದಾಗಲೂ ಯಾರೂ ನನಗೆ ಹಾಗೆ ಅಭಿನಂದಿಸಿರಲಿಲ್ಲ. ನಾಲ್ಕು ತಿಂಗಳ ನಂತರ ಅದೇ ಕಂಪನಿಯಿಂದ ಬೇರೆ ಗಂಟಲು. ಬೆಳಿಗ್ಗೆ 7.20. ‘ನಿಮ್ಮ ವಂಶದಲ್ಲಿ ಮಾನ ಮರ್ಯಾದೆ ಇಟ್ಕೊಂಡೋರು ಯಾರೂ ಇಲ್ವಾ?’ ಇನ್ನೂ ಹಲ್ಲುಜ್ಜಿರಲಿಲ್ಲ. ಇಲ್ಲ ಅಂದೆ.

ನಿಯಮ ಇದೆ ಸ್ವಾಮಿ. ಸಾಲ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. ಮೈಕ್ರೋಫೈನಾನ್ಸ್ ಸಾಲದವರಿಗಾದರೆ 9ರಿಂದ 6ರ ಒಳಗೆ ಮಾತ್ರ. ಅಂದರೆ ಬಡವರಿಗೆ ದಿನಕ್ಕೆ ಎರಡು ಗಂಟೆ ಜಾಸ್ತಿ ನೆಮ್ಮದಿ. ಉಳಿದ ಹೊತ್ತಿನಲ್ಲಿ ಬೈಸಿಕೊಳ್ಳಬಹುದು ಅಂತಲ್ಲ, ಅದೂ ತಪ್ಪೇ. ಆದರೆ ಬೈಯುವವನಿಗೆ ಸುತ್ತೋಲೆ ಓದುವಷ್ಟು ಪುರುಸೊತ್ತು ಎಲ್ಲಿರುತ್ತದೆ? ಅವನಿಗೂ ಟಾರ್ಗೆಟ್ ಇದೆ. ಬಹುಶಃ ಅವನಿಗೂ ಒಂದು ಬೈಕಿನ ಕಂತು ಇದೆ.

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಯವರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿ, ಆಮೇಲೆ ಫೆಬ್ರುವರಿ 12ಕ್ಕೆ ಸಹಿ ಹಾಕಿದರು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಒಂದು ಕುಟುಂಬದ ವರ್ಷದ ಆದಾಯ 3 ಲಕ್ಷದ ಒಳಗಿದ್ದರೆ, ಅದರ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ 2022ರಿಂದಲೇ ನಿಯಮ ಇತ್ತಲ್ಲ? ಒಂದೇ ಮನೆಗೆ ನಾಲ್ಕು ಕಂಪನಿಯವರು ಸಾಲ ಕೊಟ್ಟು ಬಂದಾಗ ಆ ಅರ್ಧವನ್ನು ಅಳೆದವರು ಯಾರು? ಕೊಡುವಾಗ ಅವರೇ ಬಾಗಿಲಿಗೆ ಬಂದರು. ವಸೂಲಿಗೂ ಅವರೇ ಬಾಗಿಲಿಗೆ ಬಂದರು. ಓಡಿ ಹೋಗಬೇಕಾದ್ದು ಮಾತ್ರ ಮನೆಯವರು. ಬ್ಯಾಂಕುಗಳು ಹತ್ತು ವರ್ಷದಲ್ಲಿ 16.35 ಲಕ್ಷ ಕೋಟಿ ರೂಪಾಯಿ ವಸೂಲಾಗದ ಸಾಲವನ್ನು ಪುಸ್ತಕದಿಂದ ತೆಗೆದಿವೆ ಅಂತ 2025ರಲ್ಲೇ ಸಂಸತ್ತಿನಲ್ಲಿ ಹೇಳಿದರು. ಇದು ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತೆ ಅಂತಲೂ ಹೇಳಿದರು. ಆಗಲಿ. ಆ ಸಾಲ ತಗೊಂಡವರಲ್ಲಿ ಎಷ್ಟು ಜನರ ಅತ್ತೆಗೆ ಬೆಳಿಗ್ಗೆ 7.20ಕ್ಕೆ ಫೋನ್ ಹೋಗಿದೆ? ನನಗೆ ಇದರ ಬಗ್ಗೆ ತಮಾಷೆ ಮಾಡಲು ಬರುತ್ತಿಲ್ಲ. ಸಾಕಾಗಿದೆ.

ಹೋದ ತಿಂಗಳು ಒಡವೆ ಸಾಲದ ಕೌಂಟರಿನ ಮುಂದೆ ಕೂತಿದ್ದೆ. ಯಾಕೆ ಅಂತ ಕೇಳಬೇಡಿ. ನನ್ನ ಮುಂದೆ ಒಬ್ಬರು ಹೆಂಗಸು, ಐವತ್ತರ ಆಸುಪಾಸು. ಕರ್ಚೀಫಿನ ಗಂಟು ಬಿಚ್ಚಿ ಎರಡು ಬಳೆ, ಒಂದು ಜೊತೆ ಓಲೆ ಇಟ್ಟರು. ಒಳಗಿನವನು ಬಳೆಯನ್ನು ಒರೆಗಲ್ಲಿಗೆ ಉಜ್ಜಿ, ಎರಡು ತೊಟ್ಟು ಆಸಿಡ್ ಬಿಟ್ಟು, ತಕ್ಕಡಿಯ ಕಡೆ ತಿರುಗಿದ. ಅವನು ಓದುವ ಮೊದಲೇ ಆಕೆ ಹೇಳಿದರು. ‘ಇಪ್ಪತ್ತೆರಡು ಗ್ರಾಮು ನಾನೂರು. ಓಲೇದು ಕಲ್ಲು ಬಿಟ್ಟು ಮೂರೂವರೆ.’ ತಕ್ಕಡಿಯೂ ಅದನ್ನೇ ಹೇಳಿತು.

‘ರೇಟ್ ಏರಿದೆಯಮ್ಮಾ, ಹೋದ ಸಲಕ್ಕಿಂತ ಜಾಸ್ತಿ ಸಿಗುತ್ತೆ’ ಅಂದ ಅವನು, ಬಹುಮಾನ ಬಂದಿದೆ ಅನ್ನುವ ಹಾಗೆ. ಆಕೆ ನಕ್ಕರು. ನಿಜವಾಗಿಯೂ ಖುಷಿ ಆಗಿತ್ತು. ರಸೀದಿ ಮಡಚಿ ಪರ್ಸಿನಲ್ಲಿ ಇಡುವಾಗ ನನ್ನ ಕಡೆ ತಿರುಗಿ, ಯಾರಾದರೂ ಕೇಳಿದ್ದರೇನೋ ಅನ್ನುವಂತೆ, ‘ದೀಪಾವಳಿಗೆ ಬಿಡಿಸ್ಕೋತೀನಿ’ ಅಂದರು. ಪರ್ಸಿನ ಆ ಖಾನೆಯಲ್ಲಿ ಅದೇ ಬಣ್ಣದ ರಸೀದಿಗಳು ಇನ್ನೂ ನಾಲ್ಕೈದು ಇದ್ದವು. ಅಷ್ಟರಲ್ಲಿ ಒಳಗಿನವನು ನನ್ನ ನಂಬರ್ ಕೂಗಿದ.